ಹಾಜರಿ ಪುಸ್ತಕದ ಅಂಚಿನಲ್ಲಿ ಬರೆದವರು

ಎಲ್ಲ ಮಕ್ಕಳಿಗೂ ಒಂದೇ ಶಾಲೆ ಎಂಬ ಮಾತು ಮ್ಯಾನಿಟೋಬಾ ಪ್ರಾಂತ್ಯದ ನಮ್ಮ ಭಾಗದಲ್ಲಿ ಇಂದು ಸಹಜವೆನಿಸಿದ್ದರೆ, ಅದಕ್ಕಾಗಿ ದುಡಿದವರ ಸಾಲಿನಲ್ಲಿ ಶಿಕ್ಷಕರಿದ್ದಾರೆ, ವಕೀಲರಿದ್ದಾರೆ, ಶಾಲಾ ಮಂಡಳಿಯ ಸದಸ್ಯರೂ ಇದ್ದಾರೆ. ಆದರೆ ಆ ಸಾಲಿನ ಮೊದಲ ಹೆಸರು ಶಾಲಾ ಕಚೇರಿಗಳಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದು ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಆರ್ಡಿತ್ ಕ್ಲಾಸೆನ್ ಅವರದಾಗಬೇಕೆಂಬುದು ನನ್ನ ಹಟ. ಹಟಕ್ಕೆ ಕಾರಣವಿದೆ. ಅವರು ಶಾಲೆಯಿಂದ ಮನೆಗೆ ಕಳಿಸುತ್ತಿದ್ದ ಮಗು ನಾನೇ.

ಎರಡನೆಯ ತರಗತಿಯಲ್ಲಿ ನನಗೆ ಗಂಟೆಯ ಸದ್ದು ತಡೆಯಲಾಗುತ್ತಿರಲಿಲ್ಲ. ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು, ಮೇಜಿನ ಕೆಳಗೆ ತೂರಿ ಕಿರುಚುತ್ತಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಕಚೇರಿಯಿಂದ ಅಮ್ಮನಿಗೆ ಫೋನು ಹೋಗುತ್ತಿತ್ತು: "ಇವತ್ತು ಟಿಲ್ಡಾಗೆ ಯಾಕೋ ಸರಿಹೋಗ್ತಿಲ್ಲ. ಬಂದು ಕರ್ಕೊಂಡು ಹೋಗ್ತೀರಾ?" ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದ ಅಮ್ಮ ಒದ್ದೆ ಕೈಯಲ್ಲೇ ಓಡಿಬರುತ್ತಿದ್ದಳು. ಫೋನು ಮಾಡುತ್ತಿದ್ದವರು ಶ್ರೀಮತಿ ಕ್ಲಾಸೆನ್. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಇದು ಬರಬಾರದೇನೋ. ಆದರೆ "ಅದನ್ನ ಬಿಟ್ಟು ಬರೆದ್ರೆ ನಾನು ಪುಸ್ತಕ ಮುಟ್ಟಲ್ಲ" ಎಂದು ಅವರೇ ನನ್ನನ್ನು ಎಚ್ಚರಿಸಿದ್ದಾರೆ.

ಹಾಜರಿ ಪುಸ್ತಕದಲ್ಲಿ ಆಗ ಮೂರೇ ಕಾಲಂ: ಹಾಜರು, ಕಾಯಿಲೆ, ಮನೆಯ ಕಾರಣ. ಶಾಲೆಯೇ ಹೊರಗೆ ಕಳಿಸಿದ ಮಗುವಿಗೆ ಕಾಲಂ ಇರಲಿಲ್ಲ. ಹೆಡ್‌ಮಾಸ್ತರರು ಹೇಳಿದಂತೆ ಅವರು 'ಕಾಯಿಲೆ' ಎಂದೇ ಗುರುತು ಹಾಕಿದರು. ಹೀಗೆ ಇಪ್ಪತ್ತಾರು ಸಲ. ಫೋನು ಹೋಗದ ದಿನಗಳಲ್ಲೂ ನನಗೆ ಮಧ್ಯಾಹ್ನದ ಊಟದವರೆಗಷ್ಟೇ ಶಾಲೆ.

ಜನವರಿಯ ಒಂದು ಬೆಳಿಗ್ಗೆ, ಹಿಮಕ್ಕೆ ತೊಡುವ ಪ್ಯಾಂಟು, ಬೂಟು, ಜಾಕೆಟ್ಟು ಎಲ್ಲ ಹಾಕಿಸಿ ನನ್ನನ್ನು ಕಚೇರಿಯ ಬೆಂಚಿನ ಮೇಲೆ ಕೂರಿಸಿದ್ದರು. ಒಳಗಿನ ಶಾಖಕ್ಕೆ ಬೆವರುತ್ತಿದ್ದೆ. ಓದುವುದನ್ನು ಆಗತಾನೆ ಕಲಿತಿದ್ದರಿಂದ ಕೌಂಟರಿನ ಮೇಲೆ ತೆರೆದಿದ್ದ ಪುಸ್ತಕದಲ್ಲಿ ನನ್ನ ಹೆಸರು ಹುಡುಕಿ ಕೇಳಿದೆ:

"ಮಿಸೆಸ್ ಕ್ಲಾಸೆನ್, ನಂಗೆ ಏನು ಕಾಯಿಲೆ?"

ಅವರು ಹೊರಬಂದು ನನ್ನ ಹಣೆ ಮುಟ್ಟಿ ನೋಡಿದರು. ಜಾಕೆಟ್ಟಿನ ಜಿಪ್ ಬಿಚ್ಚಿದರು.

"ಏನೂ ಇಲ್ಲ ಕಣಮ್ಮ."

"ಮತ್ತೆ ಯಾಕೆ ಮನೆಗೆ ಹೋಗ್ಬೇಕು?"

ಅವರು ಒಳಗೆ ಹೋಗಿ ಅಂದಿನ ಗುರುತನ್ನು ಹೊಡೆದುಹಾಕಿ, ಪುಟದ ಅಂಚಿನಲ್ಲಿ ಬರೆದರು: 'ಆರೋಗ್ಯವಾಗಿದ್ದಾಳೆ. ಶಾಲೆಯವರೇ ಮನೆಗೆ ಕಳಿಸಿದ್ದು.'

ಹೆಡ್‌ಮಾಸ್ತರರು ಕೆಟ್ಟವರಲ್ಲ, ಗಲಾಟೆ ಬೇಡದವರು.

"ಇದೇನ್ರೀ ಆರ್ಡಿತ್? ಕಾಯಿಲೆ ಅಂತ ಹಾಕಿ."

"ಹಣೆ ಮುಟ್ಟಿ ನೋಡಿದೆ ಸರ್, ತಣ್ಣಗಿದೆ. ಬೇಕಾದ್ರೆ ನೀವೂ ನೋಡಿ."

"ಇದಕ್ಕೆ ಕಾಲಮ್ಮೇ ಇಲ್ವಲ್ರೀ."

"ಅದಕ್ಕೇ ಅಂಚಲ್ಲಿ ಬರೆದಿದೀನಿ."

ಮಾರ್ಚಿನಲ್ಲಿ ಅಮ್ಮ ಶಾಲಾ ಮಂಡಳಿಗೆ ಹೋದಳು. ಮಗಳನ್ನು ದಿನವಿಡೀ ಶಾಲೆಯಲ್ಲಿ ಇಟ್ಟುಕೊಳ್ಳಿ ಎಂಬುದೊಂದೇ ಅವಳ ಕೋರಿಕೆ. ಹೆಡ್‌ಮಾಸ್ತರರು ಮಾಡಿಸಿ ಸದಸ್ಯರ ಮುಂದಿಟ್ಟಿದ್ದ ನಕಲು ಪಟ್ಟಿಯಲ್ಲಿ ಕಾಲಂಗಳಿದ್ದವು, ಅಂಚು ಇರಲಿಲ್ಲ; ಅಂಚಿನಲ್ಲಿ ಬರೆದಿದ್ದ ದಿನಗಳೂ 'ಕಾಯಿಲೆ'ಗೇ ಸೇರಿದ್ದವು. "ನಲವತ್ತಮೂರು ದಿನ ಕಾಯಿಲೆ ಅಂತಿದೆಯಲ್ಲಮ್ಮ, ಇದ್ರಲ್ಲಿ ಶಾಲೆ ತಪ್ಪೇನು?" ಎಂದು ಅಧ್ಯಕ್ಷರು ಕೇಳಿದರು. ಅಮ್ಮ ತಲೆ ತಗ್ಗಿಸಿದಳು. ಆಗ ಸಭೆಯ ನಡಾವಳಿ ಬರೆಯಲು ಕೂತಿದ್ದ ಶ್ರೀಮತಿ ಕ್ಲಾಸೆನ್ ಪೆನ್ನು ಕೆಳಗಿಟ್ಟು ಎದ್ದರು. ಚೀಲದಿಂದ ಮೂಲ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲಿನ ಇಪ್ಪತ್ತಾರು ಸುಳ್ಳು. ಬರೆದವಳು ನಾನೇ. ಆಮೇಲಿನ ಹದಿನೇಳು ನಿಜ, ಅದನ್ನೂ ನಾನೇ ಬರೆದದ್ದು. ಅಂಚು ಓದಿ."

ಕೆಲಸವೇ ಹೋಗಬಹುದಾಗಿದ್ದ ತಪ್ಪೊಪ್ಪಿಗೆ ಅದು. ಏಪ್ರಿಲ್‌ನಿಂದ ನನಗೆ ಇಡೀ ದಿನದ ಶಾಲೆ ಸಿಕ್ಕಿತು; ನಮ್ಮ ಸಾಲಿನ ತರಗತಿಗಳ ಗಂಟೆ ನಿಲ್ಲಿಸಿ, ದೀಪ ಆರಿಸಿ ಹಚ್ಚುವ ಪದ್ಧತಿ ತಂದರು. ಅವರಿಗೆ ಸಿಕ್ಕಿದ್ದು ಛೀಮಾರಿ ಪತ್ರ ಮತ್ತು ಮುಕ್ಕಾಲು ಗಂಟೆ ಹಿಮದ ದಾರಿಯಾಚೆಯ ಶಾಲೆಗೆ ವರ್ಗ. ಅದರ ಬಗ್ಗೆ ಅವರು ಅಲ್ಲಿದ್ದ ನಾಲ್ಕು ವರ್ಷದಲ್ಲಿ ಆಡಿದ ಮಾತು ಒಂದೇ: "ಅಲ್ಲಿ ಕಾಫಿ ಚೆನ್ನಾಗಿರುತ್ತೆ."

ಅಲ್ಲಿಂದಲೇ ಅವರ ನಿಜವಾದ ಸೇವೆ ಶುರುವಾಯಿತೆನ್ನಬೇಕು. ಯಾವ ಮಗು ಮನೆಯಲ್ಲಿ ಕೂತಿದೆಯೆಂದು ತಿಳಿದರೂ ರೂಬಾರ್ಬ್ ಎಂಬ ಹುಳಿದಂಟಿನ ಕೇಕು ಹಿಡಿದು ಆ ಮನೆಯ ಅಡುಗೆಮನೆಗೆ ಹೋಗಿ ಕೂರುತ್ತಿದ್ದರು. "ಶಾಲೆಯವರು ಮನೆಗೆ ಕಳಿಸ್ತೀವಿ ಅಂದ್ರೆ, ಬರೆದುಕೊಡಿ ಅನ್ನಿ. ಬರೆಯೋಕೆ ನಾಚಿಕೆಯಾದ್ರೆ ಕಳಿಸೋಕೂ ಆಗ್ಲಿ." ಎಂಟು ವರ್ಷಗಳ ನಂತರ ನಮ್ಮ ವಿಭಾಗದ ಹಾಜರಿ ಪುಸ್ತಕಕ್ಕೆ 'ಶಾಲೆಯವರೇ ಕಳಿಸಿದ್ದು' ಎಂಬ ನಾಲ್ಕನೆಯ ಕಾಲಂ ಬಂತು. ನಾನು ಶಿಕ್ಷಕಿಯಾದ ಮೇಲೆ ಇಂಥ ಮಕ್ಕಳಿಗಾಗಿ ನಡೆಯುವ ಸಭೆಗಳಲ್ಲಿ ಅವರ ಪಕ್ಕದ ಕುರ್ಚಿ ನನ್ನದಾಯಿತು. ಅದಕ್ಕಿಂತ ದೊಡ್ಡ ಪದವಿಯನ್ನು ನಾನು ಬಯಸಿಲ್ಲ.

ಆ ಮೊದಲ ಇಡೀ ದಿನದ ಬಗ್ಗೆ ಅವರಿಗೆ ನಾನು ಇದುವರೆಗೆ ಹೇಳಿಲ್ಲ. ಊಟವಾದ ಮೇಲೆ ಮಕ್ಕಳೆಲ್ಲ ಜಮಖಾನದ ಮೇಲೆ ಕೂತರು, ಟೀಚರು ಕಥೆ ಓದಿದರು. ದಿನವೂ ಮಧ್ಯಾಹ್ನ ಓದುತ್ತಿದ್ದರಂತೆ. ಶಾಲೆಯಲ್ಲಿ ಹೀಗೊಂದು ಇದೆಯೆಂಬುದು ನನ್ನೊಬ್ಬಳಿಗೇ ಗೊತ್ತಿರಲಿಲ್ಲ. ಅಂದು ಹನ್ನೊಂದನೆಯ ಅಧ್ಯಾಯ. ಪಕ್ಕದ ಹುಡುಗಿ ಹಿಂದಿನ ಹತ್ತನ್ನೂ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಮಿಸೆಸ್ ಕ್ಲಾಸೆನ್, ನನಗೆ ಮಧ್ಯಾಹ್ನಗಳನ್ನು ಕೊಟ್ಟವರು ನೀವು. ನಿಮ್ಮ ಮಧ್ಯಾಹ್ನಗಳು ಬಹುಕಾಲ ಆರೋಗ್ಯವಾಗಿ, ಬೆಳಕಾಗಿರಲಿ. ಬರುವ ಮಂಗಳವಾರ ಎರಡು ಗಂಟೆಗೆ, ಮಗು ಮನೆಯಲ್ಲೇ ಕೂತಿರುವ ಒಬ್ಬ ತಾಯಿ ನಿಮಗಾಗಿ ಕಾಯುತ್ತಿರುತ್ತಾಳೆ. ಕಾರು ನಾನೇ ತರುತ್ತೇನೆ.

— ಟಿಲ್ಡಾ ಪೆನ್ನರ್