ಭತ್ತ ಮುಟ್ಟಿದರೆ ಔಟ್

ಮೇ ತಿಂಗಳೆಂದರೆ ಸಿರುಗುಪ್ಪ ಎಂದು ನಾವು ತಿಳಿದಿದ್ದ ವರ್ಷಗಳವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪರೀಕ್ಷೆ ಮುಗಿದ ಮರುದಿನವೇ ಬಳ್ಳಾರಿಯಿಂದ ನಾವು, ಕುರುಗೋಡಿನಿಂದ ದೊಡ್ಡಮ್ಮನ ಮಕ್ಕಳು ಬಸ್ಸಿಳಿದು ಅಜ್ಜಿಯ ಮನೆ ಸೇರುತ್ತಿದ್ದೆವು. ಅಕ್ಕಪಕ್ಕದ ಹುಡುಗರನ್ನು ಸೇರಿಸಿಕೊಂಡರೆ ಎರಡು ತಂಡಗಳಾಗುತ್ತಿದ್ದವು.

ಬೆಳಿಗ್ಗೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡೇ ವಾದ ಶುರು. ಕಳೆದ ಚಳಿಗಾಲದ ಟೆಸ್ಟಿನಲ್ಲಿ ನಮ್ಮ ಆರಂಭಿಕ ಆಟಗಾರ ಅಷ್ಟು ನಿಧಾನವಾಗಿ ಆಡಿದ್ದು ಸರಿಯೇ, ಸ್ಪಿನ್ನರನಿಗೆ ಇನ್ನೊಂದು ಓವರ್ ಕೊಟ್ಟಿದ್ದರೆ ಏನಾಗುತ್ತಿತ್ತು. ರೇಡಿಯೊದಲ್ಲಿ ಕೇಳಿದ್ದನ್ನು ಕಣ್ಣಾರೆ ಕಂಡಂತೆ ವಾದಿಸುತ್ತಿದ್ದೆವು. ನನ್ನ ಅಣ್ಣ ಶರಣನಂತೂ ನಾಲ್ಕನೆಯ ವಯಸ್ಸಿನಲ್ಲಿ ಮದ್ರಾಸಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ತನ್ನ ಮೊದಲ ಮ್ಯಾಚು ನೋಡಿದ್ದಾಗಿ ಹೇಳುತ್ತಿದ್ದ. ಅವನನ್ನು ಮದ್ರಾಸಿಗೆ ಒಯ್ದದ್ದು ಸೋರುವ ಕಿವಿ ತೋರಿಸಲು. ಇದನ್ನು ಅವ್ವ ಎಷ್ಟು ಸಲ ಹೇಳಿದರೂ ಅವನ ಮ್ಯಾಚಿಗೆ ಏನೂ ಆಗಲಿಲ್ಲ.

ದೊಡ್ಡಮ್ಮನ ಮಗ ವೀರೇಶಣ್ಣ ಇಂಥ ಬಡಾಯಿ ಕೊಚ್ಚುತ್ತಿರಲಿಲ್ಲ. ಅವನಿಗೆ ಆಗ ಹದಿನಾಲ್ಕು, ನನಗಿಂತ ಮೂರು ವರ್ಷ ದೊಡ್ಡವ. ನಮ್ಮೆಲ್ಲರಲ್ಲಿ ಆಟ ಬರುತ್ತಿದ್ದದ್ದು ಅವನೊಬ್ಬನಿಗೇ. ಬ್ಯಾಟನ್ನು ನೇರವಾಗಿ ಇಳಿಸುತ್ತಿದ್ದ. ಚೆಂಡು ಸದ್ದಿಲ್ಲದೆ ಹೋಗುತ್ತಿತ್ತು.

ಆ ಬ್ಯಾಟಿನದೇ ತಕರಾರು. ಎರಡು ಊರಿನವರೂ ಸೇರಿ ಕೊಂಡ ಒಂದೇ ಒಂದು ನಿಜವಾದ ಬ್ಯಾಟು ಅದು. ರಜೆಯ ಕೊನೆಗೆ ಒಂದು ಮ್ಯಾಚು, ಗೆದ್ದವರ ಊರಿಗೆ ವರ್ಷವಿಡೀ ಬ್ಯಾಟು.

ಆಡುತ್ತಿದ್ದದ್ದು ಸಿದ್ದಮಾಮ ಕೆಲಸಕ್ಕಿದ್ದ ಅಕ್ಕಿ ಗಿರಣಿಯ ಅಂಗಳದಲ್ಲಿ. ಅಷ್ಟು ನುಣ್ಣನೆಯ ಸಿಮೆಂಟು ನೆಲವನ್ನು ನಾನು ಆಮೇಲೆ ಯಾವ ಮೈದಾನದಲ್ಲೂ ಕಾಣಲಿಲ್ಲ. ಅರ್ಧ ಅಂಗಳದಲ್ಲಿ ಬೇಯಿಸಿದ ಭತ್ತ ಹರವಿರುತ್ತಿತ್ತು. ಹಬೆಯಾಡುವ ಆ ಹಸಿ ಭತ್ತದ ಹುಳಿ ವಾಸನೆ ಊಟಕ್ಕೆ ಕೂತಾಗಲೂ ಅಂಗೈಯಲ್ಲಿರುತ್ತಿತ್ತು. ಹೆಣ್ಣಾಳುಗಳು ಅದರಲ್ಲಿ ಕಾಲಾಡಿಸುತ್ತ ಸಾಲು ಸಾಲಾಗಿ ತಿರುವುತ್ತಿದ್ದರು. ನಮ್ಮ ಚೆಂಡು ಅಲ್ಲಿಗೆ ಹೋದರೆ, ಹಿಂದೆಯೇ ನಾವೂ ಹೋಗಿ ತುಳಿದರೆ, ಬೈಗುಳ ಬೀಳುತ್ತಿದ್ದದ್ದು ಮಾಮನಿಗೆ. ಅದಕ್ಕೇ ಹೊಡೆದ ಚೆಂಡಿಗೆ ಅವನೊಂದು ಕಾನೂನು ಮಾಡಿದ್ದ: ಭತ್ತ ಮುಟ್ಟಿದರೆ ಔಟ್. ಉಳಿದ ಅರ್ಧ ನಮ್ಮದು.

ಆ ವರ್ಷದ ಕೊನೆಯ ಮ್ಯಾಚಿನಲ್ಲಿ ಕುರುಗೋಡಿನವರಿಗೆ ಮೂರು ರನ್ ಬೇಕಿತ್ತು, ಉಳಿದದ್ದು ಒಂದೇ ವಿಕೆಟ್ಟು. ಆಡುತ್ತಿದ್ದವ ವೀರೇಶಣ್ಣ. ನನ್ನನ್ನು ಭತ್ತದ ಅಂಚಿಗೆ ನಿಲ್ಲಿಸಿದ್ದರು. ಅವನು ಹೊಡೆದ ಚೆಂಡು ನೆಲಕ್ಕಂಟಿಕೊಂಡು ನನ್ನ ಪಕ್ಕದಿಂದ ಹಾದುಹೋಯಿತು. ತಿರುಗಿ ಓಡಿದೆ, ಬಗ್ಗಿ ಹಿಡಿದೆ.

ಹಿಡಿದವನೇ ಚೆಂಡನ್ನು ಚಡ್ಡಿಗೆ ತಿಕ್ಕಿ ಒರೆಸಿದೆ.

ಪತ್ರಿಕೆಯ ಚಿತ್ರಗಳಲ್ಲಿ ವೇಗದ ಬೌಲರುಗಳು ಹಾಗೆ ನಿಂತಿರುತ್ತಿದ್ದರು. ಆ ಬೇಸಿಗೆಯಲ್ಲಿ ಚೆಂಡು ಕೈಗೆ ಸಿಕ್ಕಾಗಲೆಲ್ಲ ನಾನೂ ಹಾಗೇ ಮಾಡುತ್ತಿದ್ದೆ. ಒರೆಸಿದ ಮೇಲೆ ಕೈಯೆತ್ತಿ ಕೂಗಿದೆ: "ಭತ್ತ!"

ವೀರೇಶಣ್ಣ ಬ್ಯಾಟು ಹಿಡಿದುಕೊಂಡೇ ಬಂದ. "ಎಲ್ಲಿ, ತೋರ್ಸು. ಹಸಿ ಭತ್ತದಾಗ ಬಿದ್ದಿದ್ರ ಕಾಳು ಮೆತ್ತಿರ್ಬೇಕು."

ಚೆಂಡು ಸ್ವಚ್ಛವಾಗಿತ್ತು.

"ಅಂವ ಒರಿಸ್ಯಾನ," ಎಂದ ಶರಣಣ್ಣ.

"ಯಾಕ ಒರಿಸಿದಿ?"

ಅಂಪೈರಾಗಿದ್ದ ಸಿದ್ದಮಾಮ ಸ್ಟೂಲಿನಿಂದ ಎದ್ದು ಬಂದು, ಭತ್ತ ತಿರುವುತ್ತಿದ್ದ ಈರಮ್ಮನನ್ನು ಕೇಳಿದ. "ನೀ ನೋಡಿದೇನಬೇ?"

"ನನಗ ಈ ಭತ್ತ ನೋಡ್ಕೆಳಾದಾ ಸಾಕಾಗೈತಿ. ನಿಮ್ಮ ಚೆಂಡು ಯಾರು ನೋಡ್ತಾರ್ರಿ," ಎಂದಳು ಆಕೆ.

ಮಾಮ ನನ್ನ ಕಡೆ ತಿರುಗಿದ. "ಬಸ್ಯಾ, ಖರೇ ಹೇಳಲೇ. ಭತ್ತದಾಗ ಹೋತಾ, ಇಲ್ಲಾ?"

"ಹೋತು, ಮಾಮ."

ಬ್ಯಾಟು ಬಳ್ಳಾರಿಗೆ ಬಂತು. ಕುರುಗೋಡಿನಲ್ಲಿ ವೀರೇಶಣ್ಣ ಆ ವರ್ಷವಿಡೀ ಮುರಿದ ಬೆಂಚಿನ ಹಲಗೆ ಹಿಡಿದು ಆಡಿದ. ಹಲಗೆಗೆ ನೇರ ಹೊಡೆತ ಒಗ್ಗುವುದಿಲ್ಲ, ಅಡ್ಡಡ್ಡ ಬೀಸಬೇಕು. ಮುಂದಿನ ಬೇಸಿಗೆಗೆ ಬಂದಾಗ ಅವನು ಎಲ್ಲ ಚೆಂಡಿಗೂ ಅಡ್ಡ ಬೀಸುತ್ತಿದ್ದ. ಎರಡು ಸಲ ಸೊನ್ನೆಗೆ ಔಟಾದ. ಆ ನೇರ ಬ್ಯಾಟು ಮತ್ತೆ ಬರಲಿಲ್ಲ. ಅಥವಾ ನನಗೆ ಹಾಗೆ ನೆನಪಿದೆ. ಅವನು ಮೊದಲಿನಿಂದಲೂ ಅಷ್ಟೇನೂ ಚೆನ್ನಾಗಿ ಆಡುತ್ತಿರಲಿಲ್ಲ ಎಂದು ಶರಣಣ್ಣ ಹೇಳುತ್ತಾನೆ.

ಆಮೇಲಿನ ನಲವತ್ತು ವರ್ಷ ನಾನು ಪಟ್ಟ ಪಾಡನ್ನು ಓದುಗರು ಊಹಿಸಿಕೊಳ್ಳಬಹುದು. ಮದುವೆ, ಗೃಹಪ್ರವೇಶ, ಬಸುರಿಯ ಕುಬುಸ, ಯಾವುದೇ ಇರಲಿ, ಊಟ ಮುಗಿದು ಎಲೆಯಡಿಕೆ ಹಾಕಿಕೊಂಡು ಕೂತರೆ ಕ್ರಿಕೆಟ್ಟು. ಯಾರ ಸರಾಸರಿ ದೊಡ್ಡದು, ಯಾರು ಒತ್ತಡದಲ್ಲಿ ಕೈಕೊಟ್ಟರು, ಯಾರನ್ನು ತಂಡದಿಂದ ತೆಗೆಯಬೇಕಿತ್ತು. ನಾನು ಎಷ್ಟೇ ತೂಕದ ಮಾತಾಡಲಿ, ವೀರೇಶಣ್ಣ ಮುಗಿಯುವವರೆಗೆ ಕಾಯುತ್ತಿದ್ದ. ಆಮೇಲೆ ಮೆಲ್ಲಗೆ, "ನಿನಗೇನಪ, ನೀ ಚೆಂಡು ಒರಿಸಿದಾಂವ," ಎನ್ನುತ್ತಿದ್ದ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಲು ಬಂದಾಗಲೂ ಬಗ್ಗಿ ಕಿವಿಯಲ್ಲಿ ಕೇಳಿದ್ದು ಅದನ್ನೇ: "ಇವತ್ತರೆ ಖರೇ ಹೇಳು."

ಹೇಳಲು ನನಗೆ ಗೊತ್ತಿದ್ದರಲ್ಲವೆ? ಚೆಂಡು ಹಸಿ ಕಾಳುಗಳ ನಡುವೆ ಅರ್ಧ ಹುಗಿದು ನಿಂತಿದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದೇ ಚಿತ್ರದಲ್ಲಿ ಬಗ್ಗುತ್ತಿರುವ ನನ್ನ ಬೆನ್ನೂ ಕಾಣುತ್ತದೆ. ನನ್ನ ಬೆನ್ನನ್ನು ನಾನು ಹೇಗೆ ನೋಡಿರಲು ಸಾಧ್ಯ? ನನ್ನ ಹಳೆಯ ದಿನಚರಿ ತೆಗೆದು ನೋಡಿದರೆ ಆ ಮ್ಯಾಚಿನ ಮಾತು ಮೊದಲು ಬರುವುದು ಎಂ.ಎ. ಓದುವಾಗಿನ ಪುಟದಲ್ಲಿ. ಅಲ್ಲಿ "ಖಂಡಿತ ಭತ್ತದಲ್ಲೇ ಬಿದ್ದಿತ್ತು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಗೊತ್ತಿದ್ದವನಿಗೆ ಆ ಗೆರೆಗಳು ಯಾಕೆ ಬೇಕಿದ್ದವು?

ಕಳೆದ ತಿಂಗಳು ಕುರುಗೋಡಿಗೆ ಹೋಗಿದ್ದೆ. ವೀರೇಶಣ್ಣನ ಮನೆಯಲ್ಲಿ ಮಕ್ಕಳು ಟಿ.ವಿ.ಯಲ್ಲಿ ಮ್ಯಾಚು ನೋಡುತ್ತಿದ್ದರು. ಒಂದು ಕ್ಯಾಚನ್ನು ಅತ್ತಿಂದ, ಇತ್ತಿಂದ, ಮೇಲಿಂದ ತೋರಿಸಿ ತೋರಿಸಿ ಕೊನೆಗೆ ಔಟ್ ಎಂದರು. ಅವನ ಮಗ ನಕ್ಕು, "ಕಾಕಾ, ನಿಮ್ಮ ಭತ್ತದ ಕೇಸಿಗೆ ಇಂಥಾದ್ದೊಂದು ಇರ್ಬೇಕಿತ್ತು ನೋಡ್ರಿ," ಎಂದ. ಶುರುವಾಯಿತು ಎಂದುಕೊಂಡು ಚಹಾದ ಲೋಟ ಕೆಳಗಿಟ್ಟು ಸಿದ್ಧನಾದೆ.

ವೀರೇಶಣ್ಣ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. "ಅದ್ರಾಗೇನೈತಿ. ಭತ್ತದಾಗ ಹೋಗಿತ್ತು. ನಾ ಔಟಾಗಿದ್ದೆ."

ಅಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. "ಅಲ್ಲಣ್ಣ, ನಾ ಚೆಂಡು ಒರಿಸಿದ್ನೆಲ್ಲ?"

"ಒರಿಸಿದ್ದೇನು? ಯಾವಾಗ?"

ಮುಖ ನೋಡಿದೆ. ತಮಾಷೆ ಇರಲಿಲ್ಲ. ನನ್ನ ಮೇಲಿನ ಕನಿಕರಕ್ಕೆ ಹಾಗೆಂದನೋ, ನಿಜಕ್ಕೂ ಮರೆತನೋ ತಿಳಿಯಲಿಲ್ಲ. ಅವನು ಆಗಲೇ ಮುಂದಿನ ಓವರಿನ ಬೌಲರನನ್ನು ಬೈಯುತ್ತಿದ್ದ.

ಮರುದಿನ ಬೆಳಿಗ್ಗೆ ಶರಣಣ್ಣನಿಗೆ ಫೋನ್ ಮಾಡಿ, ಆವತ್ತು ನಿಜಕ್ಕೂ ಆದದ್ದೇನೆಂದು ಕೇಳಿದೆ. "ಗೆದ್ವಿಲ್ಲೋ? ಇನ್ನೇನು ಬೇಕು ನಿನಗ," ಎಂದು ಇಟ್ಟುಬಿಟ್ಟ. ಸಿದ್ದಮಾಮ ಹೋಗಿ ಎಷ್ಟೋ ವರ್ಷವಾಯಿತು. ಈಗ ಆ ಚೆಂಡು ಭತ್ತದಲ್ಲೇ ಬಿದ್ದಿತ್ತೆಂದು ಎಲ್ಲರೂ ಒಪ್ಪಿದ್ದಾರೆ. ನಲವತ್ತು ವರ್ಷ ನಾನು ಬೇಡಿದ್ದು ಇದನ್ನೇ. ನನ್ನನ್ನು ನಂಬದೆ, ಬಿಡದೆ, ಊಟದ ಪಂಕ್ತಿಯಲ್ಲೂ ಹಿಡಿದು ಕೇಳುತ್ತಿದ್ದವನು ಆ ಕೇಳುವ ಕೆಲಸ ಬಿಟ್ಟು ಎದ್ದುಹೋದ. ಆ ಕೆಲಸವೀಗ ನನ್ನೊಬ್ಬನ ಪಾಲಿಗೆ ಬಂದಿದೆ, ಮತ್ತು ಅವನಷ್ಟು ಪಟ್ಟು ಹಿಡಿದು ಕೇಳುವುದು ನನ್ನಿಂದ ಆಗುತ್ತಿಲ್ಲ.