ಅವನು ಕಂಬ ಹತ್ತಿದ್ದು ಯಾರ ಕೆಲಸಕ್ಕೆ

ನಮ್ಮಲ್ಲಿ ಕರೆಂಟು ಹೋದರೆ ಯಾರೂ ಕಚೇರಿಗೆ ಫೋನು ಮಾಡುವುದಿಲ್ಲ, ಲೈನ್‌ಮ್ಯಾನಿಗೆ ಮಾಡುತ್ತೇವೆ. ಕಕ್ಕಿಂಜೆಯ ಆಚೆಗಿನ ನಮ್ಮ ಮನೆಗಳಿಗೆ ಇದ್ದ ಲೈನ್‌ಮ್ಯಾನ್ ಬಾಗಲಕೋಟೆ ಕಡೆಯವನು. ಹೆಂಡತಿಯೊಡನೆ ಬಾಡಿಗೆ ಮನೆಯಲ್ಲಿದ್ದ. ಕೆಲಸ ಮುಗಿಸಿ ನಮ್ಮ ಚಾವಡಿಯಲ್ಲಿ ಎಷ್ಟೋ ಸಲ ಉಂಡು ಹೋಗಿದ್ದ. ಉಂಡವನ ಕೆಲಸದ ಬಗ್ಗೆ ದೂರು ದಾಖಲಿಸಿ ಮೇಲಿನವರಿಂದ ಬೈಸುವುದುಂಟೇ? ಹಾಗಾಗಿ ದೂರಿನ ನಂಬರು ನಮಗೆ ಬೇಡವಾಗಿತ್ತು. ಇದನ್ನು ನಾವು ಒಳ್ಳೆಯತನ ಎಂದುಕೊಂಡಿದ್ದೆವು.

ಗುಡ್ಡದ ಬದಿಯ ಕಬ್ಬಿಣದ ಕಂಬ ಬುಡದಲ್ಲಿ ತುಕ್ಕು ಹಿಡಿದು ವಾಲಿದಾಗಲೂ ಅಷ್ಟೇ. ಕಚೇರಿಗೆ ಹೇಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು, ನಾವೇ ಎರಡು ಅಡಿಕೆ ಮರದ ಕಾಂಡ ಆನಿಸಿ ಹಲಸಿನ ಮರಕ್ಕೆ ಹಗ್ಗ ಬಿಗಿದೆವು. ಅವನು ನೋಡಿ, ಇಲಾಖೆಗಿಂತ ನೀವೇ ವಾಸಿ ಎಂದು ನಕ್ಕ. ನಮಗೆ ಹೆಮ್ಮೆಯೋ ಹೆಮ್ಮೆ.

ಮಳೆಗಾಲದ ಮೊದಲ ಗಾಳಿಗೆ ತಂತಿಯ ಮೇಲೆ ಕೊಂಬೆ ಬಿತ್ತು. ಅಂದು ಭಾನುವಾರ, ಅವನಿಗೆ ರಜೆ. ಪಕ್ಕದ ಮನೆಯಲ್ಲೇ ಇರುವ ನನ್ನ ಭಾವ ಫೋನು ಮಾಡಿದರು. ಬಂದ. ಟ್ರಾನ್ಸ್‌ಫಾರ್ಮರಿನಲ್ಲಿ ಲೈನು ತೆಗೆದು, ಕರೆಂಟು ನಿಲ್ಲಿಸಿ, ಆ ವಾಲಿದ ಕಂಬವನ್ನೇ ಹತ್ತಿದ. ಕಂಬ ಬುಡದಲ್ಲೇ ಮುರಿದು ಅವನ ಸಮೇತ ಕಲ್ಲಿನ ಮೇಲೆ ಬಿತ್ತು. ಬೆಳ್ತಂಗಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಕರ್ತವ್ಯದಲ್ಲಿ ಸತ್ತ ಎಂದು ಇಲಾಖೆ ಒಪ್ಪಿದರೆ ಅವನ ಹೆಂಡತಿಗೆ ಬದುಕಲು ಒಂದು ದಾರಿ. ಇಲ್ಲದಿದ್ದರೆ ಅವನು ರಜೆಯ ದಿನ ಎಲ್ಲೋ ಬಿದ್ದು ಸತ್ತವನು. ಅವಳನ್ನು ಕರೆದುಕೊಂಡು ನಾವು ಊರವರು ಇಲಾಖೆಯ ಜನಸಂಪರ್ಕ ಸಭೆಗೆ ಹೋದೆವು. ನಾನು ಎದ್ದು ನಿಂತು ಸರಿಯಾಗಿಯೇ ಕೂಗಾಡಿದೆ. ಕಂಬ ತುಕ್ಕು ತಿನ್ನುವವರೆಗೆ ನೀವು ನಿದ್ದೆ ಮಾಡುತ್ತಿದ್ದಿರಾ ಎಂದೆ.

ಅಧಿಕಾರಿ ಸಿಟ್ಟಾಗಲಿಲ್ಲ, ಕಂಪ್ಯೂಟರು ನೋಡಿದರು. ಆ ಲೈನಿನಲ್ಲಿ ಈವರೆಗೆ ಒಂದೂ ದೂರು ಇಲ್ಲವಂತೆ. ಕರೆಂಟಿನ ದರ ಏರಿಸುವ ವಿಚಾರಣೆಗೆ ವಿದ್ಯುತ್ ಆಯೋಗದ ಮುಂದೆ ಹೋಗುವಾಗ, ಗ್ರಾಹಕರು ತೃಪ್ತರಾಗಿರುವ ಕಡೆ ಎಂದು ನಮ್ಮದನ್ನೇ ತೋರಿಸುತ್ತಾರಂತೆ. ನಾವು ಆನಿಸಿದ ಅಡಿಕೆ ಮರದ ಕಾಂಡಗಳು ಅವರ ಲೆಕ್ಕದಲ್ಲಿ ನಮ್ಮ ತೃಪ್ತಿಯಾಗಿದ್ದವು.

"ಯಾವ ದೂರಿನ ಮೇಲೆ ಅವರು ಹೋದದ್ದು?" ಎಂದು ಅಧಿಕಾರಿ ಕೇಳಿದರು.

ನಾವೇ ಕರೆದದ್ದು ಎಂದೆ.

"ಹಾಗಾದರೆ ಅವರು ಹೋದದ್ದು ನಿಮ್ಮ ಕೆಲಸಕ್ಕೆ. ಇಲಾಖೆ ಕಳುಹಿಸಿದ್ದಲ್ಲ."

ಹಿಂದಿನ ಸಾಲಿನಿಂದ ಅವನ ಹೆಂಡತಿ ಎದ್ದಳು. "ಕಂಬ ಯಾರದ್ರಿ ಸಾಹೇಬ್ರ?"

ಅಧಿಕಾರಿ ಕಂಪ್ಯೂಟರು ಬಿಟ್ಟು ಅವಳತ್ತ ತಿರುಗಿ, ಫೋನು ಮಾಡಿದವರು ಯಾರೋ ಅವರೇ ಹೇಳಿಕೆ ಬರೆದುಕೊಟ್ಟರೆ ಮೇಲಕ್ಕೆ ಕಳುಹಿಸುತ್ತೇನೆ ಎಂದರು. ಆದರೆ ರಜೆಯಲ್ಲಿದ್ದವನನ್ನು ಕಂಬ ಹತ್ತಿಸಿದ್ದಕ್ಕೆ ಬರೆದುಕೊಟ್ಟವರ ವಿಚಾರಣೆಯೂ ಆದೀತು ಎಂದು ಸೇರಿಸಿದರು.

ಭಾವ ಎದ್ದು ನಿಂತರು. ಅಬ್ಬ, ನಮ್ಮಲ್ಲಿ ಒಬ್ಬರಿಗಾದರೂ ಬೆನ್ನುಮೂಳೆ ಉಂಟಲ್ಲ ಎಂದು ನನಗೆ ಸಮಾಧಾನವಾಯಿತು.

"ಸರ್, ಅದರಾಚೆಯ ಕಂಬವೂ ವಾಲಿದೆ" ಎಂದರು ಭಾವ. "ಮಳೆ ಜೋರಾಗುವ ಮೊದಲು ಬದಲಿಸಿ ಕೊಡಬೇಕು."

ಅಧಿಕಾರಿ ಕೂಡಲೇ ಅದನ್ನು ದೂರು ಎಂದು ಕಂಪ್ಯೂಟರಿಗೆ ಹಾಕಿಕೊಂಡು ಭಾವನ ಮೊಬೈಲ್ ನಂಬರು ಕೇಳಿದರು. ಭಾವ ಹೇಳಿ ಕುಳಿತರು. ಫೋನಿನ ವಿಷಯ ಹೇಳಲಿಲ್ಲ ಯಾಕೆ ಎಂದು ನಾನು ಅವರ ತೋಳು ಹಿಡಿದು ಕೇಳಿದೆ.

"ಅವ ಹೋದ ಮಾರಾಯ" ಎಂದರು, ನನ್ನ ಮುಖ ನೋಡದೆ. "ನಮಗೆ ಇಲ್ಲೇ ಬದುಕ್ಲಿಕ್ಕುಂಟು."

ಅವರು ದನಿ ತಗ್ಗಿಸಿರಲಿಲ್ಲ. ಅವನ ಹೆಂಡತಿ ಎದ್ದು ಹೊರಗೆ ನಡೆದಳು. ಅವಳು ಬಾಗಿಲು ದಾಟುವುದರೊಳಗೆ ಭಾವನ ಮೊಬೈಲಿಗೆ ದೂರಿನ ಸಂಖ್ಯೆ ಬಂತು.