ಬಿದಿರಿನ ಟ್ರಾಕ್ಟರು

ಅರವತ್ತರ ದಶಕದ ಕೊನೆಯ ವರ್ಷಗಳು. ನಿಟ್ಟೂರು ಕಡೆಯ ಮನೆಗೆ ಸೊಸೆಯಾಗಿ ಬಂದು ನನಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮಾವನವರ ಜೋಡೆತ್ತಿನಲ್ಲಿ ಒಂದು ಮುದಿಯಾಗಿ, ಉಳುವಾಗ ಗದ್ದೆಯ ನಡುವೆಯೇ ಮಲಗಿಬಿಡುವ ಅಭ್ಯಾಸ ಮಾಡಿಕೊಂಡಿತ್ತು. ಮಾವನವರು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬುದ್ಧಿ ಹೇಳುವುದು ಅಂಗಳಕ್ಕೂ ಕೇಳುತ್ತಿತ್ತು.

ಒಮ್ಮೆ ಕೆಳದಿಯ ತವರಿನಿಂದ ನನ್ನನ್ನು ಕರೆದೊಯ್ಯಲು ಬಂದ ಮಾವನವರು, ಸಾಗರದಲ್ಲಿ ಬಸ್ಸು ತಡವೆಂದು ತಿಳಿದದ್ದೇ ಟ್ರಾಕ್ಟರ್ ಅಂಗಡಿಗೆ ನುಗ್ಗಿದರು. ಹಪ್ಪಳದ ಡಬ್ಬಿ ಹಿಡಿದು ನಾನೂ ಹಿಂದೆ ಹೋದೆ. ಅಲ್ಲೊಂದು ಕೆಂಪು ಟ್ರಾಕ್ಟರು ನಿಂತಿತ್ತು. ಮಾವನವರು ಸಂತೆಯಲ್ಲಿ ಎತ್ತು ನೋಡುವಂತೆ ಅದರ ಸುತ್ತ ಬಂದರು, ಬೆನ್ನು ತಟ್ಟಿದರು, ಬಗ್ಗಿ ಹೊಟ್ಟೆಯಡಿ ಇಣುಕಿದರು.

"ಹಾಯ್ತದಾ ಇದು?" ಎಂದು ಕೇಳಿದರು.

"ಹಾಯಲ್ಲ ಸ್ವಾಮಿ, ಇದು ಡೀಸೆಲ್ಲು" ಎಂದ ಅಂಗಡಿಯ ಯುವಕ.

ಮಾವನವರು ಹೆಗಲ ಶಲ್ಯ ತೆಗೆದು ಅದರಿಂದ ಟ್ರಾಕ್ಟರಿನ ಉದ್ದಗಲ ಅಳೆದು, ಗುರುತಿಗೆ ಗಂಟು ಹಾಕಿಕೊಂಡರು. ದಾರಿಯುದ್ದಕ್ಕೂ ಬೆವರು ಒರೆಸಿಕೊಳ್ಳಲೂ ಆ ಗಂಟು ಬಿಚ್ಚಲಿಲ್ಲ.

ಮರುದಿನವೇ ಬಿದಿರು ಕಡಿದು ಅದೇ ಅಳತೆಯ ಚೌಕಟ್ಟು ಕಟ್ಟಿದರು. "ತರೋ ಮೊದ್ಲು ನಮ್ ಗದ್ದೇಲಿ ತಿರುಗ್ತದಾ ಅಂತ ನೋಡ್ಬೇಕಲ್ಲ" ಎಂಬುದು ಅವರ ವಾದ. ನಮ್ಮ ಗದ್ದೆಗಳು ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗಿದ್ದುದರಿಂದ ವಾದವೇನೋ ಸರಿಯೇ. ಚೌಕಟ್ಟಿನ ಮುಂದಿನ ಬಿದಿರು ಗಳ ನನ್ನ ಗಂಡನ ಕೈಗೆ ಬಂತು, ಹಿಂದಿನದು ನನ್ನ ಕೈಗೆ. ನಡುವೆ ಮಾವನವರೇ ಡ್ರೈವರು.

"ರೈಟ್!" ಎಂದರು ಅವರು. ಬಸ್ಸಿನ ಕಂಡಕ್ಟರು ಹೇಳುವ, ಹೊರಡು ಎಂಬರ್ಥದ ರೈಟು ಅದು. ಇಂಗ್ಲಿಷು ಓದಿದ್ದ ನನ್ನ ಗಂಡ ಬಲಕ್ಕೆ ತಿರುಗಿದರು. ಮೂವರೂ ಚೌಕಟ್ಟಿನ ಸಮೇತ ಕೆಳಗಿನ ಗದ್ದೆಗೆ ಜಾರಿದೆವು.

ಗದ್ದೆಯಂಚಿನಲ್ಲಿ ನಿಂತಿದ್ದ ಅತ್ತೆ, "ಅಲ್ಲ, ಶಬ್ದ ಯಾರು ಮಾಡದು?" ಎಂದು ಕೇಳಿದರು. ಮಾವನವರು ಅದನ್ನೂ ನಿಜವೆಂದುಕೊಂಡು "ಡುರ್ರ್" ಎನ್ನತೊಡಗಿದರು. ಅದನ್ನು ಕೇಳಿ ಮುದಿ ಎತ್ತು ಎದ್ದು, ಕರುವಿನ ಹಾಗೆ ಬಾಲ ಎತ್ತಿಕೊಂಡು ಕಾಡಿನ ಕಡೆ ಓಡಿತು.

ಕೊನೆಗೆ ಹಳ್ಳದ ಸಂಕಕ್ಕೆ ಬಂದೆವು. ಮರದ ದಿಮ್ಮಿ ಜೋಡಿಸಿದ ಆ ಕಿರುಸೇತುವೆ ದಾಟದೆ ರಸ್ತೆಯಿಂದ ನಮ್ಮ ಗದ್ದೆಗೆ ಬರಲು ಬೇರೆ ದಾರಿಯಿರಲಿಲ್ಲ. ಚೌಕಟ್ಟು ಅದಕ್ಕಿಂತ ಅಗಲವಾಗಿತ್ತು.

"ಸ್ವಲ್ಪ ಓರೆ ಮಾಡಿ" ಎಂದರು ಮಾವನವರು.

"ನೀವ್ ಓರೆ ಆಗ್ಬೌದು. ಟ್ರಾಕ್ಟ್ರು ಆಗ್ತದಾ?" ಎಂದರು ಅತ್ತೆ.

ಮಾವನವರು ಬಿದಿರಿನ ನಡುವೆಯೇ ಕೂತುಬಿಟ್ಟರು. ನಗು ತಡೆದುಕೊಂಡಿದ್ದ ನನಗೆ ಪಾಪ ಎನಿಸಿತು. "ಅದೇ ಅಂಗಡೀಲಿ ಎರಡೇ ಗಾಲಿದೊಂದು ಇತ್ತಲ್ಲ ಮಾವ, ಟಿಲ್ಲರ್ ಅಂತೆ. ಹಿಂದೆ ನಡ್ಕೊಂಡ್ ಹೋಗೋದು" ಎಂದೆ.

"ನಡ್ಯದೇ ಆದ್ರೆ ಮಿಷಿನ್ ಎಂತಕ್ಕೆ?" ಎಂದು ಗೊಣಗಿದರು. ಆದರೂ ಮುಂದಿನ ವಾರ ಸಾಗರಕ್ಕೆ ಹೋಗಿ, ನೋಡಿಯೇ ಕೊಳ್ಳುವುದೆಂದು ಆ ಯುವಕನನ್ನೂ ಟಿಲ್ಲರನ್ನೂ ಕರೆತಂದರು.

ಅದು ಸಂಕವನ್ನು ಸಲೀಸಾಗಿ ದಾಟಿತು. ಯುವಕ ಎಂಜಿನ್ ಚಾಲೂ ಮಾಡಿ, ನಿಲ್ಲಿಸುವುದು ಹೇಗೆಂದು ಹೇಳುವ ಮೊದಲೇ ಮಾವನವರು ಹಿಡಿ ಹಿಡಿದು ಹೊರಟರು. ಗದ್ದೆಯ ತುದಿ ಬಂದಾಗ "ಹೋ, ಹೋ" ಎಂದರು. ಎತ್ತಾಗಿದ್ದರೆ ನಿಲ್ಲುತ್ತಿತ್ತು.

"ಕ್ಲಚ್ಚು! ಕ್ಲಚ್ಚು!" ಎಂದು ಯುವಕ ಹಿಂದೆ ಓಡಿದ.

ಅದು ಯಂತ್ರದ ಹೆಸರೆಂದುಕೊಂಡ ಮಾವನವರು, "ಏ ಕ್ಲಚ್ಚೂ, ನಿಲ್ಲಾ! ನಿಲ್ಲಾ ಮಾರಾಯಾ!" ಎಂದು ಬೇಡಿಕೊಳ್ಳುತ್ತ ಅಂಚು ಒಡೆದುಕೊಂಡು ಹೋಗಿ ಗೊಬ್ಬರದ ರಾಶಿಗೆ ನುಗ್ಗಿದರು. ಎಂಜಿನ್ ಆರಿತು. ಮೊಣಕಾಲುದ್ದ ಗೊಬ್ಬರದಲ್ಲಿ ನಿಂತು, ಹಿಡಿ ಬಿಡದೆ ನಮ್ಮತ್ತ ತಿರುಗಿದರು. ಮುಖದ ತುಂಬ ನಗು.

"ಶಕ್ತಿ ಉಂಟು ಕಣೇ! ಇದೇ ಇರ್ಲಿ."

ಅದನ್ನು ಪಳಗಿಸಿದ್ದು ಮಾತ್ರ ಅತ್ತೆ. ಆ ಮಳೆಗಾಲ ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗಳನ್ನೆಲ್ಲ ಅವರೇ ಉತ್ತರು. ಮಾವನವರು ಪಕ್ಕದಲ್ಲಿ ನಡೆಯುತ್ತ, ನೋಡಲು ಬಂದವರಿಗೆ ಅದರ ಗುಣ ಬಣ್ಣಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಟಿಲ್ಲರಿನ ಹಿಡಿಯ ನಡುಕ ಅತ್ತೆಯ ಕೈ ಬಿಟ್ಟಿರುತ್ತಿರಲಿಲ್ಲ. ಅವರು ಬಡಿಸಿದ ಸಾರು ಅರ್ಧ ಎಲೆಗೆ, ಅರ್ಧ ಮಾವನವರ ಪಂಚೆಗೆ ಬೀಳುತ್ತಿತ್ತು. ಮಾವನವರು ಪಂಚೆ ಒರೆಸಿಕೊಳ್ಳುತ್ತ, ಟಿಲ್ಲರಿನ ಶಕ್ತಿಯನ್ನೇ ಹೊಗಳುತ್ತ ಉಣ್ಣುತ್ತಿದ್ದರು.